ತಡವಾದರೆ ಗದರುವ ಪೆಟ್ಟಿಗೆ

ನನ್ನ ಅತ್ತೆ, ಅಂದರೆ ನಮ್ಮಪ್ಪನ ತಂಗಿ, ರಿಪೇರಿಯವಳು. ಅವಳ ಬೀದಿಯಲ್ಲಿ ಯಾರನ್ನಾದರೂ ‘ರಿಪೇರಿಯವಳ ಮನೆ ಎಲ್ಲಿ?’ ಅಂತ ಕೇಳಿ, ಮಾತು ಮುಗಿಯುವುದರೊಳಗೆ ಕೈ ತೋರಿಸುತ್ತಾರೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಈಗಲೂ ಯಾರದೋ ಮನೆಯ ಅಟ್ಟದಿಂದ ಇಳಿದು ಬರುವ ಕ್ಯಾಸೆಟ್ ಪ್ಲೇಯರು, ಎಲ್ಲವೂ ಅವಳ ಮನೆಯ ಮುಂದಿನ ಕೋಣೆಗೆ ಬಂದು ಬೀಳುತ್ತವೆ. ಆ ಅತ್ತೆ ಈ ವರ್ಷ ಒಂದು ಮ್ಯೂಸಿಕ್ ಪ್ಲೇಯರ್ ಡಿಸೈನ್ ಮಾಡಿದಳು. ರಿಪೇರಿ ಅಲ್ಲ, ಡಿಸೈನ್! ನಡಿಗೆಯ ವ್ಯಾಯಾಮಕ್ಕೆಂದೇ ಮಾಡಿದ ಪ್ಲೇಯರು. ಕಾಲೇಜಿಗೆಂದು ಅವಳ ಮನೆಯಲ್ಲೇ ಇರುವ ನಾನು ಅದನ್ನು ಮೊದಲ ಸ್ಕ್ರೂವಿನಿಂದ ಕಡೆಯ ಸ್ಕ್ರೂವಿನ ತನಕ ಕಣ್ಣಾರೆ ನೋಡಿದ್ದೇನೆ, ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಅವಳಿಗೆ ಈ ವಿದ್ಯೆ ಯಾರೂ ಕಲಿಸಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದು ಕ್ಯಾಸೆಟ್ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಕೆಲಸಕ್ಕೆ ಸೇರಿದ್ದಳಂತೆ. ಕ್ಯಾಸೆಟ್ ಕೊಂಡವರು ಎರಡೇ ದಿನಕ್ಕೆ ವಾಪಸ್ ಬಂದು, ‘ನೀವು ಕೊಟ್ಟಿದ್ದು ಕೆಟ್ಟ ಮಾಲು’ ಅಂತ ಜಗಳ ತೆಗೆಯುತ್ತಿದ್ದರು. ಮಾಲು ಸರಿಯಾಗಿಯೇ ಇರುತ್ತಿತ್ತು. ಅವರ ಮನೆಯ ಪ್ಲೇಯರು ಅದನ್ನು ಅಗಿದು ಉಗುಳಿರುತ್ತಿತ್ತು. ‘ಪ್ಲೇಯರ್ ತಗೊಂಡು ಬನ್ನಿ, ನೋಡೋಣ’ ಅನ್ನುತ್ತಿದ್ದಳು ಅತ್ತೆ. ನೋಡುತ್ತಾ ನೋಡುತ್ತಾ ಕೈ ಕುದುರಿತು. ಕ್ಯಾಸೆಟ್ಟಿನ ಕಾಲ ಮುಗಿದು ಅಂಗಡಿಗೆ ಬೀಗ ಬಿದ್ದಾಗ ಮಾಲೀಕರು ಒಂದು ಸ್ಕ್ರೂಡ್ರೈವರ್ ಸೆಟ್ಟನ್ನೂ ಎರಡು ಪೆಟ್ಟಿಗೆ ಹಳೇ ಸಾಮಾನನ್ನೂ ಅವಳಿಗೇ ಕೊಟ್ಟು ಕೈಮುಗಿದು ಹೋದರಂತೆ. ಅಲ್ಲಿಂದ ಶುರು.

ಅವಳದೊಂದು ಪದ್ಧತಿಯಿದೆ. ಯಾವ ಯಂತ್ರ ಬಂದರೂ ಕೂಡಲೇ ಬಿಚ್ಚುವುದಿಲ್ಲ. ತಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ‘ಏನು ತೊಂದರೆ? ನಿಮ್ಮ ಬಾಯಲ್ಲೇ ಹೇಳಿ’ ಅನ್ನುತ್ತಾಳೆ. ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಪೇಪರ್ ಟೇಪಿನ ಚೂರಿನ ಮೇಲೆ ಬರೆದು ಯಂತ್ರದ ನೆತ್ತಿಗೆ ಅಂಟಿಸುತ್ತಾಳೆ. ಶೆಲ್ಫಿನ ತುಂಬ ಇಂಥ ಚೀಟಿಗಳೇ. ಒಂದು ಫ್ಯಾನಿನ ಮೇಲೆ ‘ಗಾಳಿ ಬರುತ್ತೆ, ಮನಸ್ಸಿಲ್ಲದ ಗಾಳಿ.’ ಒಂದು ಮಿಕ್ಸಿಯ ಮೇಲೆ ‘ನಮ್ಮತ್ತೆ ಥರ ಗೊಣಗುತ್ತೆ.’ ಒಂದು ರೇಡಿಯೋ ಮೇಲೆ ‘ಭಾನುವಾರ ಮಾತ್ರ ಕೆಡುತ್ತೆ.’

“ಇದೆಲ್ಲ ಯಾಕತ್ತೆ? ಬಿಚ್ಚಿದ್ರೆ ನಿಂಗೇ ಗೊತ್ತಾಗುತ್ತಲ್ಲ?” ಅಂತ ಒಮ್ಮೆ ಕೇಳಿದ್ದೆ.

“ಬಿಚ್ಚಿದ್ರೆ ಏನು ಕೆಟ್ಟಿದೆ ಅಂತ ಗೊತ್ತಾಗುತ್ತೆ. ಅವರಿಗೆ ಏನು ಬೇಕು ಅಂತ ಗೊತ್ತಾಗಲ್ಲ ಕಣೇ.”

ಮಾವ ಪೋಸ್ಟ್‌ಮನ್. ಅದೂ ಸೈಕಲ್ಲಿಲ್ಲದ ಪೋಸ್ಟ್‌ಮನ್. ಅವರ ಪಾಲಿಗೆ ಬಂದದ್ದು ಹಳೇ ಪೇಟೆಯ ಒಂಬತ್ತು ಇಕ್ಕಟ್ಟಾದ ಬೀದಿಗಳು, ಅಲ್ಲಿ ಸೈಕಲ್ ತಳ್ಳುವುದಕ್ಕಿಂತ ನಡೆಯುವುದೇ ಬೇಗ. ಇಪ್ಪತ್ತಾರು ವರ್ಷ ನಡೆದರು. ಅವರ ನಡಿಗೆಗೆ ಬೇಸತ್ತು ನಾಯಿಗಳೇ ಅಟ್ಟಿಸಿಕೊಂಡು ಬರುವುದನ್ನು ಬಿಟ್ಟವು ಅಂತ ಅತ್ತೆ ತಮಾಷೆ ಮಾಡುತ್ತಾಳೆ. ಹೋದ ವರ್ಷ ಒಂದು ಬೆಳಗ್ಗೆ, ಕಾಗದ ವಿಂಗಡಿಸುತ್ತಾ ನಿಂತಲ್ಲೇ ಅವರಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ಬಲಗೈ ಉಳಿಯಿತು. ಎಡಗೈ ಮುಷ್ಟಿ ಕಟ್ಟುವುದನ್ನು ಮರೆಯಿತು, ಎಡಗಾಲು ಹಿಂದೆಯೇ ಉಳಿಯತೊಡಗಿತು. ರಿಟೈರ್ ಆಗಲು ಇನ್ನೂ ನಾಲ್ಕು ವರ್ಷವಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದು ತಿಂಗಳಾಗುವುದರೊಳಗೆ ಇಲಾಖೆಯ ಕಾಗದ ಬಂತು. ಇಂಥ ತಾರೀಖು ವೈದ್ಯಕೀಯ ಪರೀಕ್ಷೆ. ಹದಿನೈದು ಮೀಟರ್ ಹೋಗಿ, ತಿರುಗಿ, ಹದಿನೈದು ಮೀಟರ್ ಬರಬೇಕು. ನಲವತ್ತು ಸೆಕೆಂಡು. ಕೋಲು ಹಿಡಿಯಬಹುದು, ಮನುಷ್ಯರನ್ನು ಹಿಡಿಯುವಂತಿಲ್ಲ. ಆಗದಿದ್ದರೆ ಸೇವೆಗೆ ಅಯೋಗ್ಯ ಎಂದು ಮನೆಗೆ ಕಳಿಸಲಾಗುವುದು.

“ಇಪ್ಪತ್ತಾರು ವರ್ಷ ಊರಿನವರ ಮನೆಗೆಲ್ಲ ಕೆಟ್ಟ ಸುದ್ದಿ ಮುಟ್ಟಿಸಿದ್ದೀನಿ. ಒಂದಾದ್ರೂ ನನ್ನ ಮನೆಗೆ ಬರಬೇಡ್ವಾ?” ಅಂದರು ಮಾವ ಕಾಗದ ಮಡಿಸುತ್ತಾ.

“ಇದು ಸುದ್ದಿಯಲ್ಲ, ತಾರೀಖು. ಹತ್ತು ವಾರ ಇದೆ, ಏಳಿ” ಅಂದಳು ಅತ್ತೆ.

ಆ ‘ಏಳಿ’ಯಲ್ಲಿ ಎಷ್ಟು ಗಟ್ಟಿತನ ಇತ್ತು ಅಂದರೆ ಮಾವ ನಿಜವಾಗಿಯೂ ಎದ್ದು ನಿಂತರು.

ವಾರಕ್ಕೆ ಮೂರು ದಿನ ವ್ಯಾಯಾಮ ಹೇಳಿಕೊಡಲು ಒಬ್ಬ ಫಿಸಿಯೋಥೆರಪಿಸ್ಟ್ ಬರುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಆದರೆ ಶಿಸ್ತು ಎಷ್ಟೆಂದರೆ ಮಾವ ಅವಳಿಗೆ ಮೊದಲ ದಿನವೇ ಹೆಡ್‌ಮಿಸ್ ಅಂತ ಹೆಸರಿಟ್ಟರು. ಮನೆಯ ಪಕ್ಕದ ಓಣಿಯಲ್ಲಿ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಟೇಪು ಹಿಡಿದು ಅಳೆದರೆ ಹದಿನೈದು ಮೀಟರಿಗೆ ಒಂದು ಗೇಣು ಜಾಸ್ತಿ. ಹೆಡ್‌ಮಿಸ್ ಸ್ಟಾಪ್‌ವಾಚ್ ಒತ್ತಿದಳು. ಮಾವ ಹೋಗಿ, ತಿರುಗಿ, ಗೋಡೆ ಹಿಡಿದು ಸುಧಾರಿಸಿಕೊಂಡು ಬಂದರು. ಎಪ್ಪತ್ತೈದು ಸೆಕೆಂಡು.

“ಅಂಕಲ್, ಕಾಲಲ್ಲಿ ಶಕ್ತಿ ಇದೆ. ಲಯ ಇಲ್ಲ. ಹಾಡು ಹಾಕ್ಕೊಂಡು ಅದರ ತಾಳಕ್ಕೆ ನಡೀರಿ, ಇದು ತುಂಬಾ ಜನಕ್ಕೆ ಹೆಲ್ಪ್ ಆಗುತ್ತೆ” ಅಂದಳು ಹೆಡ್‌ಮಿಸ್.

ಅಷ್ಟೇ ಸಾಕಿತ್ತು ನನಗೆ! ಅತ್ತೆಯ ಫೋನಿಗೆ ಒಂದು ವ್ಯಾಯಾಮದ ಆ್ಯಪ್ ಹಾಕಿ, ಇಯರ್‌ಫೋನ್ ಸಿಕ್ಕಿಸಿ, ಫೋನನ್ನು ಮಾವನ ಜೇಬಿಗೆ ಇಳಿಸಿದೆ. ಮಾವ ಕೋಲೂರಿ ನಿಂತರು. ಮುಖ ಒಮ್ಮೆಲೇ ಗಂಭೀರವಾಯಿತು.

“ಯಾರಮ್ಮ ಇವಳು, ಕಿವಿಯೊಳಗೆ?”

“ಆ್ಯಪ್ ಮಾವ. ‘ಗ್ರೇಟ್ ಜಾಬ್, ಕೀಪ್ ಗೋಯಿಂಗ್’ ಅಂತ ಹೊಗಳ್ತಿದೆ.”

“ನಾನಿನ್ನೂ ಒಂದು ಹೆಜ್ಜೇನೂ ಇಟ್ಟಿಲ್ವಲ್ಲ! ನೋಡದೇನೇ ಹೊಗಳೋಳನ್ನ ನಂಬಿ ನಡೀಬೇಕಾ ನಾನು?”

ಹೇಗೋ ಒಪ್ಪಿಸಿ ಹೊರಡಿಸಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಯಾರದೋ ಫೋನ್ ಬಂತು, ಹಾಡು ನಿಂತಿತು. ಅದನ್ನು ತಳ್ಳಿಹಾಕಬೇಕು. ಬಲಗೈಯಲ್ಲಿ ಕೋಲಿದೆ, ಎಡಗೈ ಕೇಳುವುದಿಲ್ಲ. ಮಾವ ಕೋಲನ್ನು ಗೋಡೆಗೆ ಒರಗಿಸಿ ಜೇಬಿಗೆ ಕೈ ಹಾಕಿದರು. ಕೋಲು ಜಾರಿತು, ಅವರೂ ಜಾರಿದರು. ಅತ್ತೆ ಕೆಲಸದ ಬೆಂಚಿನಿಂದ ಹೇಗೆ ಹಾರಿ ಬಂದಳೋ ಗೊತ್ತಿಲ್ಲ, ಮಾವನ ಕಂಕುಳಿಗೆ ಹೆಗಲು ಕೊಟ್ಟು ಹಿಡಿದುಬಿಟ್ಟಳು. ನನಗೆ ಅಳುವೇ ಬಂತು. ಅವಳು ನನ್ನನ್ನು ಬೈಯಲಿಲ್ಲ. ಫೋನನ್ನು ಅಂಗೈಯಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದನ್ನ ಮಾಡಿದೋರಿಗೆ ಎರಡು ಕೈಯೂ ಖಾಲಿ ಇರುತ್ತೆ. ಇವರಿಗೆ ಒಂದೂ ಇಲ್ಲ” ಅಂದಳು.

“ಎರಡು ಕಿವೀನೂ ಮುಚ್ಚಿಬಿಡುತ್ತೆ. ನಾಯಿ ಬಂದಿದ್ದು ಹೆಂಗೆ ಗೊತ್ತಾಗಬೇಕು? ಪೋಸ್ಟ್‌ಮನ್‌ಗೆ ಕಿವಿಯೇ ಅರ್ಧ ಕಾಲು” ಅಂತ ಮಾವನೂ ದೂರು ಸೇರಿಸಿದರು.

ಮಧ್ಯಾಹ್ನ ನೋಡಿದರೆ ಅತ್ತೆ ಹಳೇ ಸಾಮಾನಿನ ಪೆಟ್ಟಿಗೆಯಿಂದ ಸೊಂಟಕ್ಕೆ ಸಿಕ್ಕಿಸುವಂಥ ಒಂದು ಪುಟ್ಟ ಕ್ಯಾಸೆಟ್ ಪ್ಲೇಯರ್ ತೆಗೆದು ಬಿಚ್ಚಿ ಕೂತಿದ್ದಾಳೆ. “ಅತ್ತೆ, ಈ ಕಾಲದಲ್ಲಿ ಕ್ಯಾಸೆಟ್ಟಾ!” ಅಂದೆ. “ಇದಕ್ಕೆ ಫೋನ್ ಬರಲ್ಲ, ಹೊಗಳಕ್ಕೂ ಬರಲ್ಲ” ಅಂದಳು. ಆಮೇಲೆ ಒಂದು ಗುಟ್ಟು ತೋರಿಸಿದಳು ನೋಡಿ, ನನಗೆ ಮೈ ಜುಮ್ಮೆಂದಿತು. ಆ ಪ್ಲೇಯರಿನ ಮೋಟರಿಗೆ ಹಿಂದುಗಡೆ ಒಂದು ಸಣ್ಣ ತೂತು, ತೂತಿನೊಳಗೆ ಸ್ಕ್ರೂ. ಅದನ್ನು ತಿರುಗಿಸಿದರೆ ಹಾಡಿನ ವೇಗ ಏರುತ್ತದೆ, ಇಳಿಯುತ್ತದೆ! ರಿಪೇರಿಯವರಿಗೆ ಮಾತ್ರ ಗೊತ್ತಿರುವ ತೂತು. ಅತ್ತೆ ಅದನ್ನು ಹೊರಗೆಳೆದು, ಡಬ್ಬಿ ಮುಚ್ಚಳದಷ್ಟು ದೊಡ್ಡ ಗುಂಡಿ ಜೋಡಿಸಿದಳು. ಬೆರಳು ಬೇಡ, ಮುಷ್ಟಿ ಬೇಡ, ಎಡ ಅಂಗೈ ಒತ್ತಿ ತಿಕ್ಕಿದರೂ ತಿರುಗಬೇಕು. ಇಯರ್‌ಫೋನಿನ ಒಂದು ಕಿವಿಯನ್ನು ಕತ್ತರಿಸಿ ಎಸೆದಳು. ಬಲಕಿವಿಗೆ ಹಾಡು, ಎಡಕಿವಿಗೆ ನಾಯಿ.

ಆದರೆ ಹಾಡುಗಳೇ ಕೈ ಕೊಟ್ಟವು. ಮಾವನಿಗೆ ಇಷ್ಟವಾದವೆಲ್ಲ ನಿಧಾನದ ಹಾಡುಗಳು. ವೇಗ ಹೆಚ್ಚಿಸಿದರೆ ಗಾಯಕ ಇಲಿಯ ಥರ ಕೀಚುತ್ತಾನೆ, ಮಾವ ನಕ್ಕು ನಕ್ಕು ಗೋಡೆ ಹಿಡಿಯುತ್ತಾರೆ. ಹೆಚ್ಚಿಸದಿದ್ದರೆ ಇನ್ನೊಂದು ತೊಂದರೆ. ಓಣಿಯ ನಡುವೆ ಮಾವ ಕಣ್ಣು ಮುಚ್ಚಿ ನಿಂತುಬಿಡುತ್ತಾರೆ.

“ರೀ! ನಡೀರಿ!”

“ತಾಳೇ, ಚರಣ ಬರ್ತಿದೆ. ಒಳ್ಳೇ ಹಾಡಿಗೆ ನಡೀಬಾರದು ಕಣೇ, ನಿಲ್ಲಬೇಕು.”

ಅತ್ತೆ ಯೋಚಿಸಿದಳು. ಹಾಡು ಇವರನ್ನು ಓಡಿಸಲೂ ಬಾರದು, ನಿಲ್ಲಿಸಲೂ ಬಾರದು, ಇವರ ಜೊತೆಯಲ್ಲೇ ಬರಬೇಕು. ಹಳೇ ರಿಮೋಟಿನ ರಬ್ಬರ್ ಬಟನ್ ಒಂದನ್ನು ಕಿತ್ತು, ಮಾವನ ಎಡ ಶೂವಿನೊಳಗೆ ಹಿಮ್ಮಡಿಯ ಕೆಳಗೆ ಅಂಟಿಸಿ, ಅಲ್ಲಿಂದ ಪ್ಯಾಂಟಿನೊಳಗಿನಿಂದ ಸಣ್ಣ ತಂತಿ ಎಳೆದು ಸೊಂಟದ ಪ್ಲೇಯರಿಗೆ ಜೋಡಿಸಿದಳು. ಹಿಮ್ಮಡಿ ಬೇಗ ಬೇಗ ಊರಿದರೆ ಹಾಡು ಬೇಗ, ನಿಧಾನ ಊರಿದರೆ ನಿಧಾನ. ಎರಡು ವಾರ ಹಿಡಿಯಿತು ಅದಕ್ಕೆ. ಸೋಲ್ಡರಿಂಗ್ ಐರನ್ ತಾಗಿ ಹೆಬ್ಬೆರಳಿನಲ್ಲಿ ಗುಳ್ಳೆ. ಮುಗಿದ ದಿನ ನಾನಂತೂ ಕುಣಿದೇಬಿಟ್ಟೆ. ನಡೆಯುವವರನ್ನು ನೋಡಿ ಹಾಡುವ ಯಂತ್ರ, ಯಾರ ಮನೆಯಲ್ಲಿದೆ ಹೇಳಿ!

ಮಾವ ಗೇಟಿನಿಂದ ಹೊರಟರು. ಮೊದಲ ಐದಾರು ಹೆಜ್ಜೆ ಚೆನ್ನಾಗಿಯೇ ಬಿತ್ತು. ಎಡಗಾಲು ಒಮ್ಮೆ ಕೊಂಚ ತಡವರಿಸಿತು, ಹಾಡೂ ಕೊಂಚ ನಿಧಾನವಾಯಿತು. ಹಾಡು ನಿಧಾನವಾಯಿತೆಂದು ಮಾವ ಇನ್ನೂ ನಿಧಾನ ಮಾಡಿದರು. ಮಾವ ನಿಧಾನ ಮಾಡಿದರೆಂದು ಹಾಡು ಇನ್ನಷ್ಟು ಇಳಿಯಿತು. ಗಾಯಕನ ದನಿ ಕರಡಿಯ ದನಿಯಾಯಿತು, ಆಮೇಲೆ ಗುಡುಗಿನಂತಾಯಿತು, ಆಮೇಲೆ ಏನೂ ಇಲ್ಲ. ಓಣಿಯ ನಟ್ಟನಡುವೆ ಮಾವ ಒಂದು ಕಾಲು ಮುಂದಿಟ್ಟು ಬೊಂಬೆಯ ಹಾಗೆ ನಿಂತಿದ್ದರು.

“ಯಾಕ್ರೀ ನಿಂತ್ರಿ?”

“ಅದು ಶುರು ಆಗ್ಲಿ ಅಂತ ಕಾಯ್ತಿದ್ದೀನಿ.”

“ಅದು ನೀವು ಶುರು ಮಾಡ್ಲಿ ಅಂತ ಕಾಯ್ತಿದೆ!”

“ಸರಿಹೋಯ್ತು. ಇಬ್ಬರೂ ಮರ್ಯಾದಸ್ಥರು.”

ನಾನು ನಕ್ಕೆ, ಮಾವ ನಕ್ಕರು, ಅತ್ತೆ ನಗಲಿಲ್ಲ. ಹೆಡ್‌ಮಿಸ್ ಬಂದು ಸ್ಟಾಪ್‌ವಾಚ್ ಹಿಡಿದಾಗ ಎಪ್ಪತ್ತೊಂಬತ್ತು ಸೆಕೆಂಡು. ಮೊದಲಿಗಿಂತ ನಾಲ್ಕು ಹೆಚ್ಚು. ಹತ್ತು ವಾರದಲ್ಲಿ ಐದು ಆಗಲೇ ಕಳೆದಿತ್ತು. “ಆಂಟೀ, ಬೇಜಾರು ಮಾಡ್ಕೋಬೇಡಿ. ಕೌಂಟರ್ ಕೆಲಸನಾದ್ರೂ ಕೊಡ್ತಾರಾ ಅಂತ ಕೇಳಿ” ಅಂದಳು ಹೆಡ್‌ಮಿಸ್ ಮೆಲ್ಲಗೆ. ಮಾವ ಶೂ ಬಿಚ್ಚುತ್ತಿದ್ದವರು ತಲೆಯೆತ್ತಲಿಲ್ಲ. ನನಗೆ ಆ ತಲೆ ತಗ್ಗಿಸಿದ್ದೇ ಎಲ್ಲಕ್ಕಿಂತ ಕಷ್ಟವಾಗಿ ಕಂಡಿತು.

ಹೆಡ್‌ಮಿಸ್ ಹೋದ ಮೇಲೆ ಅತ್ತೆ ಶೆಲ್ಫಿನ ಕಡೆ ನೋಡುತ್ತಾ ನಿಂತಿದ್ದಳು. ಅಷ್ಟೊಂದು ಚೀಟಿಗಳು. ಆಮೇಲೆ ತನ್ನ ಹಣೆ ತಾನೇ ಚಚ್ಚಿಕೊಂಡಳು.

“ನನ್ನ ಬುದ್ಧಿಗಿಷ್ಟು! ಊರಲ್ಲಿರೋ ಮಿಕ್ಸಿಗೆಲ್ಲ ಕೇಳ್ತೀನಿ, ಕಟ್ಟಿಕೊಂಡ ಗಂಡನ್ನ ಕೇಳಲಿಲ್ಲ. ಬನ್ರೀ ಇಲ್ಲಿ.”

ಮಾವನನ್ನು ಕರೆದು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂರಿಸಿದಳು. ಪೇಪರ್ ಟೇಪು ಹರಿದಳು, ಪೆನ್ನು ತೆರೆದಳು.

“ಏನು ತೊಂದರೆ? ನಿಮ್ಮ ಬಾಯಲ್ಲೇ ಹೇಳಿ.”

“ಏನೇ ಇದು ಆಟ? ನಿಂಗೊತ್ತಿಲ್ವಾ? ಸ್ಟ್ರೋಕು.”

“ಅದು ಡಾಕ್ಟರ್ ಹೇಳಿದ್ದು. ನಿಮ್ಮದು ಹೇಳಿ.”

ಮಾವ ಸ್ಟೂಲಿನ ಮೇಲೆ ಸರಿಯಾಗಿ ಕೂತರು. ತಮ್ಮ ಎಡಮಂಡಿಯ ಮೇಲೆ ಬಲಗೈ ಇಟ್ಟುಕೊಂಡು, ಪಕ್ಕದ ಮನೆಯವರ ವಿಷಯ ಹೇಳುವವರಂತೆ ಹೇಳಿದರು: “ಕಾಲು ಭಾರ ಅನ್ನಿಸಲ್ಲ ಕಣೇ. ನೋವೂ ಇಲ್ಲ. ಯಾವಾಗ ಎತ್ತಬೇಕು ಅಂತ ಗೊತ್ತಾಗಲ್ಲ. ಬಲಗಾಲಿಗೆ ತಾನಾಗೇ ಗೊತ್ತಾಗುತ್ತೆ. ಇದಕ್ಕೆ ಯಾರಾದ್ರೂ ‘ಈಗ’ ಅನ್ನಬೇಕು.”

ಅತ್ತೆ ಅಷ್ಟನ್ನೂ ಬರೆದಳು. ಬರೆದ ಚೀಟಿಯನ್ನು ಎಲ್ಲಿ ಅಂಟಿಸುವುದೆಂದು ಗೊತ್ತಾಗದೆ ಮಾವನ ಕೋಲಿಗೆ ಅಂಟಿಸಿದಳು. ಆಮೇಲೆ ಪ್ಲೇಯರನ್ನು ಎತ್ತಿಕೊಂಡು, ಎರಡು ವಾರ ಕೂತು ಹಾಕಿದ ಬೆಸುಗೆಯನ್ನೆಲ್ಲ ಒಂದೊಂದಾಗಿ ಕರಗಿಸಿ ಕಿತ್ತಳು. ಕೈ ಒಂದಿಷ್ಟೂ ಹಿಂಜರಿಯಲಿಲ್ಲ! “ಇವರಿಗೆ ಕಾಯೋ ಜನ ಬೇಡ. ಕರೆಯೋರು ಬೇಕು. ಇದು ಇವರ ಹಿಂದೆ ಬಂದಿದ್ದೇ ತಪ್ಪು” ಅಂದಳು.

ಸರಿ, ಕರೆಯಲು ಯಾವ ದನಿ? ಅದು ಆ ಶನಿವಾರ ತಾನಾಗಿಯೇ ಮನೆಗೆ ಬಂತು. ಮಾವನ ಜೊತೆ ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಕಾಗದಗಳಿಗೆ ತಾರೀಖಿನ ಮುದ್ರೆ, ಅಂದರೆ ಠಸ್ಸೆ, ಒತ್ತುವ ಗೆಳೆಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಠಸ್ಸೆಯಣ್ಣ ಅನ್ನುತ್ತಾರೆ. ಮಾವನನ್ನು ನೋಡಲು ಬಂದವರು ಹೊಸದಾಗಿ ಸೇರಿದ ಗುಮಾಸ್ತನನ್ನು ಆಡಿಕೊಳ್ಳುತ್ತಿದ್ದರು.

“ಮಾರಾಯ, ಅವನು ಮುದ್ರೆ ಒತ್ತೋದು ನೋಡಬೇಕು ನೀನು. ಮಗೂನ ತಟ್ಟಿ ಮಲಗಿಸ್ತಾನೆ ಅನ್ನಬೇಕು! ಒತ್ತೋದು ಅಂದ್ರೆ ಹೀಗೆ.” ಅನ್ನುತ್ತಾ ಮೇಜಿನ ಮೇಲೆ ಮುಷ್ಟಿಯಿಂದ ತೋರಿಸಿದರು. ಮಸಿಯ ಪ್ಯಾಡಿಗೆ ಮೆತ್ತಗೆ, ಕಾಗದಕ್ಕೆ ಗಟ್ಟಿ. ಡಬ್-ಠಪ್, ಡಬ್-ಠಪ್, ಡಬ್-ಠಪ್.

ಅತ್ತೆ ನನ್ನ ಕೈ ಹಿಂಡಿದಳು. “ಕಾಲು ನೋಡೇ! ಕಾಲು!”

ಕುರ್ಚಿಯ ಕೆಳಗೆ ಮಾವನ ಎರಡು ಪಾದಗಳೂ ಆಡುತ್ತಿದ್ದವು. ಡಬ್ ಅಂದರೆ ಬಲ, ಠಪ್ ಅಂದರೆ ಎಡ. ಯಾರೂ ಹೇಳದೆ, ಮಾವನಿಗೂ ಗೊತ್ತಾಗದೆ. ಅವರು ಆ ಸದ್ದಿನಲ್ಲಿ ನಿಂತುಕೊಂಡೇ ಇಪ್ಪತ್ತು ವರ್ಷ ಚೀಲ ತುಂಬಿಸಿಕೊಂಡವರಲ್ಲವೇ, ಅದು ಬಿತ್ತೆಂದರೆ ಹೊರಡುವ ಹೊತ್ತಾಯಿತು ಅಂತ ಅರ್ಥ. ಹಾಡಿಗೆ ನಿಲ್ಲುತ್ತಿದ್ದ ಮನುಷ್ಯ ಠಸ್ಸೆಗೆ ಕೂತಲ್ಲೇ ಹೊರಟಿದ್ದರು! ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ.

ಸೋಮವಾರ ಬೆಳಗ್ಗೆ ಏಳಕ್ಕೆ ಅತ್ತೆ ರೆಕಾರ್ಡರ್ ಹಿಡಿದು ಅಂಚೆ ಕಚೇರಿಯ ಹಿಂಬಾಗಿಲಲ್ಲಿದ್ದಳು. ಮೈಕು ಕಂಡೊಡನೆ ಠಸ್ಸೆಯಣ್ಣ ಫೋಟೋಗೆ ನಿಂತವರಂತೆ ಬಿಗಿದುಕೊಂಡರು, ಡಬ್ ಒಂದು ಕಡೆ, ಠಪ್ ಇನ್ನೊಂದು ಕಡೆ. “ಅಣ್ಣಾ, ಅದನ್ನ ಮರೆತುಬಿಡಿ. ನಿಮ್ಮ ಪೋಸ್ಟ್‌ಮಾಸ್ಟರ್ ಹೇಗಿದ್ದಾರೆ ಹೇಳಿ?” ಅಂದಳು ಅತ್ತೆ. ಅಷ್ಟೇ! ಬೈಗುಳ ಶುರುವಾಯಿತು, ಅದರ ಬೆನ್ನಿಗೇ ಮುದ್ರೆ ಗಡಿಯಾರದ ಹಾಗೆ ಬೀಳತೊಡಗಿತು. ಇಪ್ಪತ್ತು ನಿಮಿಷ ರೆಕಾರ್ಡ್ ಆಯಿತು.

ಹಿಮ್ಮಡಿಯ ಬಟನ್ ಮಾತ್ರ ಉಳಿಯಿತು, ಕೆಲಸ ಬದಲಾಯಿತು. ಈಗ ಅದು ವೇಗಕ್ಕೆ ಕೈ ಹಾಕುವುದೇ ಇಲ್ಲ. ಠಸ್ಸೆ ತನ್ನ ಪಾಡಿಗೆ ತಾನು ಬೀಳುತ್ತಿರುತ್ತದೆ. ಎಡಹಿಮ್ಮಡಿ ಊರಿದ ಕೂಡಲೇ ದನಿ ಸಣ್ಣದಾಗುತ್ತದೆ. ಮುಂದಿನ ಹೆಜ್ಜೆ ತಡವಾದಷ್ಟೂ ದನಿ ದೊಡ್ಡದಾಗುತ್ತಾ ಹೋಗುತ್ತದೆ. ಇಷ್ಟಕ್ಕೆ ಬೇಕಾದದ್ದು ಒಂದು ಪುಟ್ಟ ಕೆಪಾಸಿಟರ್. ಕೊಡದಲ್ಲಿ ನೀರು ತುಂಬುವ ಹಾಗೆ ಅದರಲ್ಲಿ ಕರೆಂಟು ತುಂಬುತ್ತಾ ಇರುತ್ತದೆ, ಹೆಜ್ಜೆ ಬಿದ್ದರೆ ಕೊಡ ಬರಿದು. ಕಾಲೇಜಿನಲ್ಲಿ ಮೂರು ತಿಂಗಳು ನಾನು ಕೆಪಾಸಿಟರ್ ಬಗ್ಗೆ ಓದಿದ್ದೇನೆ, ಅದು ಮನುಷ್ಯರನ್ನು ಗದರಿಸಬಲ್ಲದು ಅಂತ ಯಾವ ಪುಸ್ತಕವೂ ಹೇಳಲಿಲ್ಲ.

“ಇದೇನೇ, ತಡ ಮಾಡಿದ್ರೆ ಕಿರುಚುತ್ತೆ?” ಅಂದರು ಮಾವ ಮೊದಲ ಸಲ ಕಟ್ಟಿಕೊಂಡಾಗ.

“ನಾನೇ ಮಾಡಿದ್ದಲ್ವಾ, ನನ್ನ ಬುದ್ಧಿ ಸ್ವಲ್ಪ ಬಂದಿರುತ್ತೆ.”

“ಸ್ವಲ್ಪ ಅಲ್ಲ, ನೀನೇ ಸೊಂಟದಲ್ಲಿ ಕೂತಿದ್ದೀಯ.”

ಉಳಿದದ್ದು ಐದೇ ವಾರ. ಮೊದಲ ವಾರ ನಿಮಿಷಕ್ಕೆ ಅರವತ್ತಾರು ಹೆಜ್ಜೆಗೆ ಗುಂಡಿ ಇಟ್ಟಳು, ವಾರಕ್ಕೆ ಆರರಂತೆ ಏರಿಸಿದಳು. ಬೆಳಗ್ಗೆ ಎಂಟಕ್ಕೆ ಹತ್ತು ಸುತ್ತು, ಸಂಜೆ ಐದಕ್ಕೆ ಹತ್ತು ಸುತ್ತು. ಗಿರಾಕಿ ಕಾದಿದ್ದರೂ ಸರಿ, ಅತ್ತೆ ಗೇಟಿನ ಹತ್ತಿರ ಕೈಕಟ್ಟಿ ನಿಲ್ಲುತ್ತಿದ್ದಳು. ಐವತ್ತೆಂಟು ಸೆಕೆಂಡು. ಐವತ್ತೆರಡು. ನಲವತ್ತೇಳು. ಟ್ಯಾಂಕಿನ ಹತ್ತಿರ ತಿರುಗುವಾಗ ಮಾತ್ರ ಪ್ರತಿ ಸಲವೂ ಹೆಜ್ಜೆ ತಪ್ಪುತ್ತಿತ್ತು, ಕಾಲುಗಳು ಒಂದನ್ನೊಂದು ತೊಡರಿಕೊಂಡು ನಿಲ್ಲುತ್ತಿದ್ದವು. ಹೆಡ್‌ಮಿಸ್ ಒಂದು ಉಪಾಯ ಹೇಳಿದಳು: “ಅಂಕಲ್, ಒಂದೇ ಸಲ ತಿರುಗಬೇಡಿ. ನಾಲ್ಕು ಕಾಗದಕ್ಕೆ ಮುದ್ರೆ ಬೀಳೋವರೆಗೆ ತಿರುಗಿ, ಸ್ವಲ್ಪ ಸ್ವಲ್ಪ.” ಒಂದು ದಿನ ಮಾವನಿಗೆ ರೇಗಿತು. ಪೆಟ್ಟಿಗೆ ಕಿತ್ತು ಬೆಂಚಿನ ಮೇಲಿಟ್ಟು, “ಸಾಕು ಬಿಡೇ. ನಲವತ್ತೈದಕ್ಕೆ ಬಂದಿದ್ದೀನಿ, ಅದೇ ದೊಡ್ಡದು” ಅಂದರು. ಅತ್ತೆ ಪೆಟ್ಟಿಗೆ ತೆಗೆದುಕೊಂಡು ತನ್ನ ಸೊಂಟಕ್ಕೆ ಕಟ್ಟಿ, ಮಾವನ ಶೂ ತಾನೇ ಹಾಕಿಕೊಂಡು, ಆ ದೊಡ್ಡ ಶೂವಿನಲ್ಲಿ ಓಣಿಯಲ್ಲಿ ಠಪ್ ಠಪ್ ಅಂತ ಹತ್ತು ಸುತ್ತು ಹಾಕಿ ಬಂದಳು. ಮಾವ ನೋಡುತ್ತಾ ಕೂತವರು, “ಎಡಗಾಲು ತಡ ಮಾಡ್ತಿದ್ದೀಯ” ಅಂದು ಕೈ ಚಾಚಿದರು. ಸಂಜೆಯ ಹತ್ತು ಸುತ್ತೂ ಮುಗಿಯಿತು. ಪರೀಕ್ಷೆಯ ಹಿಂದಿನ ದಿನ ನಲವತ್ತೊಂದು.

ಪರೀಕ್ಷೆಯ ಜಾಗ ಒಂದು ಉದ್ದನೆಯ ಪಡಸಾಲೆ. ಒಂದು ಬದಿಗೆ ಕಿಟಕಿಗಳು, ಇನ್ನೊಂದು ಬದಿಗೆ ಫೈಲು ತುಂಬಿದ ಬೀರುಗಳು, ನೆಲದ ಮೇಲೆ ಬಿಳಿ ಪಟ್ಟಿ. ಒಬ್ಬ ಡಾಕ್ಟರು, ಸ್ಟಾಪ್‌ವಾಚ್ ಹಿಡಿದ ಒಬ್ಬ ಗುಮಾಸ್ತ. ಡಾಕ್ಟರ ಕಣ್ಣು ನೇರ ಮಾವನ ಸೊಂಟಕ್ಕೆ ಹೋಯಿತು.

“ಇದೇನು? ಇದನ್ನೆಲ್ಲ ತೆಗೆದು ನಡೀಬೇಕು.”

ಅತ್ತೆ ಮುಂದೆ ಬಂದಳು. ಕೈಯಲ್ಲಿ ಇಲಾಖೆಯ ಆ ಕಾಗದವಿತ್ತು.

“ಸರ್, ಇದರಲ್ಲಿ ಕೋಲು ಹಿಡೀಬಹುದು, ಮನುಷ್ಯರನ್ನ ಹಿಡಿಯೋ ಹಾಗಿಲ್ಲ ಅಂತಿದೆ. ಇದು ಮನುಷ್ಯ ಅಲ್ಲ.”

“ಕೋಲು ಬೇರೆ, ಯಂತ್ರ ಬೇರೆ ಅಮ್ಮ.”

“ಸರ್, ಕಾಗದದ ವಿಳಾಸ ಓದಿಸೋವಾಗ ಕನ್ನಡಕ ತೆಗೀರಿ ಅಂತೀರಾ?”

ಗುಮಾಸ್ತ ಕೆಮ್ಮಿದ. ಡಾಕ್ಟರು ತಮ್ಮದೇ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. “ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಾಗಬೇಕಲ್ಲ?”

“ಹಾಕ್ಕೊಂಡು ನೋಡಿ.”

ನಿಜವಾಗಿ ಹಾಕಿಕೊಂಡರು! ಪೆಟ್ಟಿಗೆ ಕೈಯಲ್ಲಿ ಹಿಡಿದು, ಕಿವಿಗೆ ಸಿಕ್ಕಿಸಿಕೊಂಡು ಪಡಸಾಲೆಯಲ್ಲಿ ಹೊರಟರು. ನಾಲ್ಕನೆಯ ಹೆಜ್ಜೆಗೆ ಅವರ ಬೂಟು ಠಸ್ಸೆಗೆ ಸರಿಯಾಗಿ ಬೀಳತೊಡಗಿತು. ಅವರಿಗೂ ಅದು ಗೊತ್ತಾಯಿತು. ಬೇಕೆಂದೇ ತಪ್ಪಿಸಿ ನಡೆಯಲು ನೋಡಿದರು, ಎರಡು ಹೆಜ್ಜೆ ಎಡವಟ್ಟಾಗಿ ಇಟ್ಟು ಮತ್ತೆ ಅದೇ ತಾಳಕ್ಕೆ ಬಂದರು. ಅಷ್ಟರಲ್ಲಿ ಹಿಮ್ಮಡಿಯ ಬಟನ್ ಅವರ ಶೂವಿನಲ್ಲಿ ಇಲ್ಲವಲ್ಲ, ದನಿ ಏರುತ್ತಾ ಏರುತ್ತಾ ಹೋಗಿ “ಅಯ್ಯೋ!” ಅಂತ ಕಿವಿಯಿಂದ ಕಿತ್ತುಕೊಂಡರು.

“ಇದರೊಳಗೆ ಯಾರೋ ಯಾರಿಗೋ ಬೈತಿದ್ದಾರಲ್ರೀ?”

“ಪೋಸ್ಟ್‌ಮಾಸ್ಟರ್‌ಗೆ ಸರ್. ಅದಿಲ್ದೆ ಮುದ್ರೆ ಸರಿಯಾಗಿ ಬೀಳಲ್ಲ” ಅಂದರು ಮಾವ ವಿನಯದಿಂದ.

ಡಾಕ್ಟರು ನಗು ತಡೆದುಕೊಂಡು ಹೇಳಿದರು: “ಎರಡೂ ಥರ ನಡೀರಿ. ಎರಡನ್ನೂ ಬರ್ಕೋತೀನಿ.”

ಮೊದಲು ಪೆಟ್ಟಿಗೆಯಿಲ್ಲದೆ. ಮಾವ ಕೋಲೂರಿಕೊಂಡು ಹೋದರು. ಅರ್ಧ ದಾರಿಯಲ್ಲೇ ಎಡಗಾಲು ಯೋಚನೆಗೆ ಬಿತ್ತು, ತಿರುವಿನಲ್ಲಿ ಪೂರ್ತಿ ನಿಂತಿತು. ಐವತ್ತೇಳು ಸೆಕೆಂಡು. ಗುಮಾಸ್ತ ಬರೆದುಕೊಂಡ. ಮಾವನ ಕತ್ತಿನಲ್ಲಿ ಬೆವರು. ಅತ್ತೆ ಮಂಡಿಯೂರಿ ಕೂತು ಶೂವಿನ ತಂತಿ ಜೋಡಿಸಿದಳು, ಎದ್ದು ಗುಂಡಿಯ ಮೇಲೆ ಕೈಯಿಟ್ಟಳು. ತೊಂಬತ್ತರ ಗೆರೆಯಲ್ಲಿದ್ದುದನ್ನು ಒಂದು ಕೂದಲೆಳೆಯಷ್ಟು ಮುಂದೆ ತಿರುಗಿಸಿದಳು.

“ತೊಂಬತ್ತೆರಡಾ? ಅಭ್ಯಾಸ ಇಲ್ವಲ್ಲೇ” ಅಂದರು ಮಾವ.

“ತೊಂಬತ್ತಕ್ಕೆ ನಲವತ್ತೊಂದು ಬಂತು. ಒಂದು ಸೆಕೆಂಡ್ ಎಲ್ಲಿಂದ ತರ್ತೀರಿ? ನಡೀರಿ.”

ಮಾವ ಹೊರಟರು. ಡಬ್ ಬಲ, ಠಪ್ ಎಡ. ಬೀರುಗಳನ್ನು ಒಂದೊಂದಾಗಿ ದಾಟಿದರು. ಬಿಳಿ ಪಟ್ಟಿಯ ತುದಿ ಬಂತು, ತಿರುಗಿದರು, ಒಂದು ಕಾಗದ, ಎರಡು, ಮೂರನೆಯದಕ್ಕೆ ಎಡಗಾಲು ತಪ್ಪಿತು! ದನಿ ಏರಿತು. ಎಷ್ಟು ಏರಿತೆಂದರೆ ಹದಿನೈದು ಮೀಟರ್ ದೂರ ನಿಂತ ನನಗೂ ಆ ಒಂಟಿ ಇಯರ್‌ಫೋನಿನೊಳಗಿಂದ ಠಸ್ಸೆ ಸಣ್ಣಗೆ ಕೇಳಿಸಿತು. ಮಾವ ಹಲ್ಲು ಕಚ್ಚಿದರು. ಎಡ ಹಿಮ್ಮಡಿ ಎತ್ತಿ ಇಟ್ಟರು, ದನಿ ತಗ್ಗಿತು. ಇನ್ನೊಂದು. ಮತ್ತೊಂದು. ಅತ್ತೆಯ ತುಟಿಗಳು ಆಡುತ್ತಿದ್ದವು, ಈಗ, ಈಗ, ಈಗ. ಮಾವ ಗೆರೆ ದಾಟಿ ಗುಮಾಸ್ತನ ಮೇಜನ್ನೇ ಹಿಡಿದು ನಿಂತರು.

ಗುಮಾಸ್ತ ವಾಚನ್ನು ಡಾಕ್ಟರಿಗೆ ತೋರಿಸಿದ. ಡಾಕ್ಟರು ಎರಡು ಸಲ ನೋಡಿದರು.

“ಮೂವತ್ತೊಂಬತ್ತೂವರೆ.”

ನಾನು ಅತ್ತೆಯನ್ನು ತಬ್ಬಿಕೊಂಡೆ. ಅವಳು ಕಲ್ಲಿನ ಹಾಗೆ ನಿಂತಿದ್ದಳು, ಅವಳ ಕಣ್ಣು ಡಾಕ್ಟರ ಪೆನ್ನಿನ ಮೇಲೆಯೇ ಇತ್ತು. ಡಾಕ್ಟರು ಬರೆದರು: ಸಹಾಯಕ ಸಾಧನದೊಂದಿಗೆ ಸೇವೆಗೆ ಯೋಗ್ಯ. ಮೊದಲ ಮೂರು ತಿಂಗಳು ಮೆಟ್ಟಿಲಿಲ್ಲದ ಎರಡು ಬೀದಿ ಮಾತ್ರ. ಆಮೇಲೆ ಮತ್ತೆ ಪರೀಕ್ಷೆ.

“ಒಂಬತ್ತರಲ್ಲಿ ಎರಡಾ?” ಅಂದರು ಮಾವ.

“ಉಳಿದ ಏಳು ಎಲ್ಲೂ ಓಡಿಹೋಗಲ್ಲ” ಅಂದಳು ಅತ್ತೆ.

ಗುಮಾಸ್ತನಿಗೆ ಇನ್ನೊಂದು ಕಾಗದ ತುಂಬಿಸಬೇಕಿತ್ತು. “ಸಾಧನ ಅಂತ ಬರೆದ ಮೇಲೆ ಈ ಕಾಲಂಗಳನ್ನ ಖಾಲಿ ಬಿಡೋ ಹಾಗಿಲ್ಲಮ್ಮ. ತಯಾರಕರು ಯಾರು? ಯಾವ ಕಂಪನಿ?”

ಅತ್ತೆ ಪೆನ್ನು ಇಸಿದುಕೊಂಡು ಆ ಕಾಲಂನಲ್ಲಿ ತನ್ನ ಹೆಸರು ಬರೆದಳು. ಪೂರ್ತಿ ಹೆಸರು, ಇನಿಷಿಯಲ್ ಸಮೇತ, ದುಂಡಗೆ.

“ಗ್ಯಾರಂಟಿ ಎಷ್ಟು ವರ್ಷ?”

“ನಾಲ್ಕು. ಇವರು ರಿಟೈರ್ ಆಗೋ ದಿನದವರೆಗೆ.”

ಸೋಮವಾರ ಮಾವ ಚೀಲ ಹೆಗಲಿಗೇರಿಸಿ ಹೋದರು. ಎರಡು ಬೀದಿ, ನಲವತ್ತಮೂರು ಕಾಗದ, ಮಧ್ಯಾಹ್ನ ಒಂದಕ್ಕೆ ಕಾಲು ಗಂಟೆ ಇರುವಾಗ ವಾಪಸ್ ಬಂದರು. ಚೀಲ ಇಳಿಸುವ ಮೊದಲೇ ದೂರು ಶುರು: “ಲೇ, ಬಗ್ಗಿ ಕಾಗದ ತೂರಿಸೋವಾಗ ಈ ಗುಂಡಿ ಬೆಲ್ಟಿಗೆ ಉಜ್ಜಿ ತಾನೇ ತಿರುಗುತ್ತೆ. ಕೊನೇ ನಾಲ್ಕು ಮನೆಗೆ ಓಡಿಸಿಬಿಡ್ತು ನನ್ನ!”

“ಬಿಚ್ಚಿಕೊಡಿ” ಅಂದಳು ಅತ್ತೆ. ಬೆಂಚಿನ ಮೇಲೆ ಅರ್ಧ ಬಿಚ್ಚಿದ್ದ ಫ್ಯಾನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡಳು. “ನಾಳೆ ಎಂಟು ಗಂಟೆಯೊಳಗೆ ಆಗಬೇಕಲ್ವಾ? ಆಗುತ್ತೆ.”